ಬಸ್ಸಿನಲ್ಲಿ ಬಂದ ಮದುಮಗ

...ಅದ್ಕೇ ನಾ ಹೇಳ್ತೆ, ತಪ್ಪು ನಿಂದಲ್ಲ, ಆ ಮದುಮಗಂದು! ಹಾಂಗೆ ನೋಡ್ಬೇಡ ಸಂದೇಶ. ಮೊದ್ಲು ಉಣ್ಣು. ಲಾಯದ ಕೆಲ್ಸ ಹೋಯ್ತು ಅಂದ್ರೆ ಹೊಟ್ಟೆನೂ ಹೋಯ್ತಾ? ಬೆಳಂಬಾರಕ್ಕೆ ಬಂದು ಈ ದುರ್ಗಿ ಮಾವ್ಶಿ ಮನೇಲಿ ಉಣ್ಣದೇ ಎದ್ದವ ಇದ್ದಾನಾ? ಬಾಂಗ್ಡೆ ಬಿಸಿ ಇದೆ. ಮುಳ್ಳು ನೋಡ್ಕೋ.

ಅಲ್ಲ ಮಾರಾಯಾ, ಎಂಥಾ ಮದುವೆ ಇದು! ಮದುಮಗಳು ಕದ್ವಾಡದ ಕಿಶನ ಸಾಹುಕಾರ್ರ ಕುದುರೆ ಚಂಪಾ. ಮದುಮಗ ಪುಣೆ ಬದಿಯ ಯಾವ್ದೋ ಲಾಯದ ಗಂಡು ಕುದುರೆ, ಹೆಸ್ರು ಬಾದಶಹಾ. ಅಂವ ಬರೂದಿಲ್ಲ! ಅಂವಂಗೆ ಪುರುಸೊತ್ತಿಲ್ಲ! ಅಂವನ ಬೀಜ ಮಾತ್ರ ಒಂದು ನಳಿಗೇಲಿ ತುಂಬಿ, ಪೆಟ್ಟಿಗೇಲಿ ಇಟ್ಟು, ಬಸ್ಸಿಗೆ ಹಾಕಿ ಕಳ್ಸಿದ್ರು. ಈರುಳ್ಳಿ ಚೀಲದ ಮೇಲೆ ಕೂತ್ಕಂಡು ಬಂತು ನೋಡು ಅಂಕೋಲೆಗೆ ದಿಬ್ಬಣ! ನಮ್ಮಲ್ಲಿ ಮದುಮಗ ಒಂದು ತಾಸು ತಡ ಮಾಡಿದ್ರೆ ಹೆಣ್ಣಿನ ಕಡೆಯವ್ರು ಎದ್ದು ನಿಲ್ತಾರೆ. ಇಲ್ಲಿ ಮದುಮಗ ಬರದಿದ್ರೂ ನಡೀತದೆ. ಥೂ!

ಅದ್ರಲ್ಲಿ ಹಾಲು, ಸಕ್ರೆ ಬೇರೆ ಬೆರೆಸಿರ್ತಾರಂತೆ, ದಾರೀಲಿ ಸಾಯ್ಬಾರ್ದು ಅಂತ. ನೀನೇ ಹೇಳಿದ್ದು ಅವತ್ತು. ಪಾಯಸವಾ ಅಂತ ನಾ ಕೇಳಿದ್ದಕ್ಕೆ ನಗಾಡಿದ್ಯಲ್ಲ... ಈಗ್ಯಾಕೆ ನಗೂದಿಲ್ಲ? ಅವತ್ತಿನ ನಗು ಎಲ್ಲಿ ಇಟ್ಟು ಬಂದೆ?

ಸರಿ, ಸರಿ. ಮಾತಾಡ್ಬೇಡ. ನಾನೇ ಮಾತಾಡ್ತೆ.

ಸಾಹುಕಾರ್ರು ಎಂತ ಹೇಳಿದ್ರು? ಅಂಕೋಲೆ ಬಸ್‌ಸ್ಟ್ಯಾಂಡಲ್ಲಿ ಪೆಟ್ಟಿಗೆ ತಕ್ಕೋ, ಎಲ್ಲೂ ನಿಲ್ಬೇಡ, ಸೀದಾ ಕದ್ವಾಡಕ್ಕೆ ಬಾ, ಚಂಪಾಗೆ ಬೆದೆಯ ದಿವ್ಸ ಇವತ್ತೇ, ಕುದುರೆ ಡಾಕ್ಟ್ರಮ್ಮ ಕಾಯ್ತಾ ಕೂತಿದ್ದಾಳೆ ಅಂತ. ನೀ ಎಂತ ಮಾಡಿದೆ? ನನ್ನ ಮೀನು ಹುಮಣದ ವಾಸನೆ ಮೂಗಿಗೆ ಬಡೀತು, ಬೈಕ್ ಬೆಳಂಬಾರಕ್ಕೆ ತಿರುಗ್ತು! ಉಂಡೆ. ಆಮೇಲೆ ಫೋನ್ ಬಂತು. ನಿನ್ನ ಹುಡುಗಿ ಪ್ರೀತಿದು. ತೆಂಗಿನ ಮರಕ್ಕೆ ಒರಗಿ ಅರ್ಧ ತಾಸು! ಮದುಮಗನ ಪೆಟ್ಟಿಗೆ ನನ್ನ ಬಾಗಿಲ ಹಿಂದೆ, ನೀ ಮರದ ಕೆಳಗೆ. ಆ ಪೆಟ್ಟಿಗೆ ನೀನೇ ಇಟ್ಟದ್ದು, ನೀನೇ ಎತ್ಕಂಡು ಹೋದದ್ದು. ನಾ ಕೈ ಹಚ್ಲಿಲ್ಲ. ದೇವ್ರಾಣೆ ಹಚ್ಲಿಲ್ಲ.

ಆಯ್ತಪ್ಪಾ, ಕದ್ವಾಡಕ್ಕೆ ಹೋಯ್ತು. ವಿಜೇತಾ ಡಾಕ್ಟ್ರಮ್ಮ ಒಂದು ಹನಿ ತೆಗ್ದು, ಗಾಜಿನ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದ್ಳು. ಒಂದೂ ಈಜ್ತಿಲ್ಲ ಅಂದ್ಳು! ಎಲ್ಲ ಸತ್ತಿವೆ ಅಂದ್ಳು! ಮುಚ್ಚಿದ ಕಣ್ಣಲ್ಲಿ ನೋಡಿದ್ಳೋ ಏನೋ. ಸಾಹುಕಾರ್ರು ಕುಣಿದ್ರು. ಪೆಟ್ಟಿಗೆ ತೆಗ್ದವ್ರು ಯಾರು ಅಂತ ನಿನ್ನ ಕಾಲರ್ ಹಿಡಿದ್ರಂತಲ್ಲ. ಪೇಟೇಲಿ ನನ್ನ ಬದಿಗೆ ಮೀನು ಮಾರೂ ಬೊಮ್ಮು ಹೇಳಿದ್ಳು. ನೀ ಎಂತ ಅಂದೆ ಅದ್ಕೆ?

ಹೇಳೂದಿಲ್ವಾ? ಬಿಡು. ಯಾರು ತೆಗ್ದದ್ದೋ ಯಾರಿಗೆ ಗೊತ್ತು. ಆ ಬಸ್ಸಿನ ಕ್ಲೀನರ್ ಇರ್ಬೇಕು.

ಪಾಪ, ಚಂಪಾ. ಮೂರು ದಿವ್ಸದಿಂದ ಹೊಸಬನ ಕೈಯಿಂದ ಹುಲ್ಲು ಮುಟ್ತಿಲ್ಲಂತೆ. ಮುಟ್ಟೂದಾದ್ರೂ ಹೇಗೆ? ಕಾಲು ನೆಟ್ಟಗಿಲ್ಲದ ಮರಿ ಆಗಿ ಬಂದದ್ದು ಅವ್ಳು, ಮೈ ತಿಕ್ಕಿ ತಿಕ್ಕಿ ಬೆಳೆಸಿದವ ನೀನು. ಅವ್ಳಿಗೊಂದು ಮರಿ ಆಗ್ಲಿ ಅಂತ ಸಾಹುಕಾರ್ರಿಗಿಂತ ನೀನೇ ಹಾರೈಸಿದ್ದು. ನಂಗೆ ಗೊತ್ತಿಲ್ವಾ? ಅದ್ಕೇ ಅಲ್ವಾ ನಂಗೂ... ನಂಗೂ ಸಂಕಟ ಆಗೂದು!

ಆದ್ರೆ ಆ ಪುಣೆಯವ್ರಿಗೆ ಬುದ್ಧಿ ಬೇಡ್ವಾ? ಅಷ್ಟು ದೂರ ಕಳ್ಸೂದು, ಐಸಿಗೆ ಜುಗ್ಗತನ! ದುರ್ಗಿ ಐಸ್ ಹಾಕಿದ ಇಸ್ವಾಣ ಮೀನು ಹುಬ್ಬಳ್ಳಿ ಮುಟ್ಟಿದ್ರೂ ಕಣ್ಣು ಹೊಳೀತದೆ ಅಂತ ಇಡೀ ಮೀನು ಪೇಟೆ ಹೇಳ್ತದೆ. ನಲ್ವತ್ತು ವರ್ಷ! ನಂದೊಂದು ಬುಟ್ಟಿ ನಾತ ಹೊಡ್ದದ್ದುಂಟಾ? ಐಸ್ ಅಂದ್ರೆ ಕೊಚ್ಚಿ ಕೊಚ್ಚಿ ತುಂಬ್ಬೇಕು. ಅವ್ರೋ... ಎರಡೇ ಎರಡು ನೀಲಿ ದಿಂಬು ಇಟ್ಟು, ಮಧ್ಯ ಆ ನಳಿಗೆ ಮಲಗ್ಸಿ...

ಯಾಕೆ? ತುತ್ತು ಯಾಕೆ ಕೆಳಗಿಟ್ಟೆ?

ನೀಲಿ ದಿಂಬು... ಹೌದು, ನೀನೇ ಹೇಳಿದ್ದಲ್ವಾ? ಹೇಳಿರ್ಲಿಲ್ವಾ? ಹಾಂಗಾದ್ರೆ ಟೀವಿಲಿ... ಇಲ್ಲ, ಬೊಮ್ಮು... ಹಾಂಗೆ ದಿಟ್ಟಿಸ್ಬೇಡ್ವೋ! ಬೈಯಿ ಬೇಕಾದ್ರೆ. ಎಂತಾದ್ರೂ ಅನ್ನು!

ಹೂಂ. ತೆಗ್ದೆ. ನಾನೇ ತೆಗ್ದೆ. ಮುಟ್ಟಿ ನೋಡ್ದೆ, ದಿಂಬು ಮೆತ್ತಗೆ ಇತ್ತು. ಅಯ್ಯೋ, ಕರಗ್ತಾ ಇದೆ, ಮಧ್ಯಾಹ್ನದ ಬಿಸ್ಲು, ಕದ್ವಾಡ ಮುಟ್ಟೂದ್ರೊಳಗೆ ಹಾಳಾದ್ರೆ ನನ್ನ ಪೋರನ ತಲೆಗೆ ಬರ್ತದೆ ಅಂತ... ಪ್ಲಾಸ್ಟಿಕ್ ಕೊಟ್ಟೇಲಿ ಐಸ್ ಪುಡಿ ತುಂಬಿ, ಎರಡು ಮುಷ್ಟಿ ಹರಳುಪ್ಪು ಹಾಕಿ, ನಳಿಗೆ ಸುತ್ತ ಒತ್ತಿ ಇಟ್ಟೆ. ಉಪ್ಪು ಬಿದ್ರೆ ಐಸಿಗೆ ಇನ್ನೂ ಸಿಟ್ಟು ಬರ್ತದಲ್ಲ, ಕಲ್ಲಿನ ಹಾಂಗೆ ಹಿಡೀತದೆ. ಮೇಲೆ ಆ ದಿಂಬು ಮೊದ್ಲಿನ ಹಾಂಗೇ ಇಟ್ಟು ಮುಚ್ಚಿದೆ. ಚಂದ ಮಾಡಿದೆ ಅಂತ ನಂಗೆ ಖುಷಿನೂ ಆಯ್ತು, ಹಾಳಾದೋಳಿಗೆ!

ತಣ್ಣಗೆ ಇರ್ಬೇಕು, ಆದ್ರೆ ಗಟ್ಟಿ ಆಗ್ಬಾರ್ದು, ಗಟ್ಟಿ ಆದ್ರೆ ಜೀವ ಹೋಗ್ತದೆ ಅಂತ ಆಮೇಲೆ ಗೊತ್ತಾಯ್ತು. ನಂಗೆ ಮೊದ್ಲು ಯಾರು ಹೇಳಿದ್ರು? ಜನ್ಮ ಇಡೀ ಸತ್ತದ್ದನ್ನೇ ಕಾಯ್ದವಳು ನಾನು. ಬದುಕಿದ್ದನ್ನ ಹೇಗೆ ಇಡೂದು ಅಂತ ಯಾರು ಕಲ್ಸಿದ್ರು?

ಎಂತಾದ್ರೂ ಮಾತಾಡೋ ತಮಾ. ಹೆದ್ರಿಕೆ ಆಗ್ತದೆ ನಂಗೆ. ...ಕಿಸೆಲೆಂತ ಹುಡುಕ್ತಿ? ಎಂತ ಈ ಕಾಗ್ದದ ಕಟ್ಟು? ಬಿಚ್ಬೇಕಾ?

...

ಹರಳುಪ್ಪು.

ಸಾಣಿಕಟ್ಟೆ ಉಪ್ಪಿನ ಆಗರದ್ದು. ನನ್ನ ಭರಣೀದೇ. ಬಾಂಗ್ಡೆ ವಾಸನೆ ಇನ್ನೂ ಇದೆ. ಪೆಟ್ಟಿಗೆ ಮೂಲೇಲಿ ಸಿಕ್ತಾ? ಹಾಂಗಾದ್ರೆ... ನಿಂಗೆ ಅವತ್ತೇ ಗೊತ್ತಾಗಿತ್ತು. ಅವತ್ತೇ! ಮೂರು ದಿವ್ಸ ಕಿಸೇಲಿ ಇಟ್ಕಂಡು ಓಡಾಡಿದ್ಯಾ? ಮತ್ತೆ ಸಾಹುಕಾರ್ರು ಕೇಳಿದಾಗ... ಯಾರು ತೆಗ್ದದ್ದು ಅಂತ ಕಾಲರ್ ಹಿಡಿದಾಗ...

ನಾನೇ ಅಂದ್ಯಾ?

ತಲೆ ತಗ್ಗಿಸ್ಬೇಡ. ನನ್ನ ಮುಖ ನೋಡಿ ಹೇಳು. ತಪ್ಪು ನಿನ್ನ ಮೇಲೇ ಎಳ್ಕಂಡ್ಯಾ? ನಾನೇ ಅಂದ್ಯಾ?

ಅಯ್ಯೋ ನನ್ನ ಕರ್ಮವೇ. ನಾ ಇಲ್ಲಿ ಕೂತು ಡಾಕ್ಟ್ರಮ್ಮನ ಕಣ್ಣಿಗೆ, ಮದುಮಗನ ಮಾನಕ್ಕೆ, ಪಾಪದ ಆ ಕ್ಲೀನರಿಗೆ ತಪ್ಪೆಲ್ಲಾ ಹಚ್ತಾ ಇದ್ದೆ. ನೀ ಎದುರಿಗೆ ಕೂತು ಬಾಂಗ್ಡೆ ಮುಳ್ಳು ಬಿಡಿಸ್ತಾ ಇದ್ದೆ!

ಏಳು. ಕೈ ತೊಳಿ. ಬೈಕ್ ತೆಗಿ, ಕದ್ವಾಡಕ್ಕೆ ಹೋಗ್ವಾ. ಬೇಡ ಅಂತ ಕೈ ಆಡಿಸ್ಬೇಡ! ಉಪ್ಪು ಹಾಕಿದವ್ಳು ನಾನು, ನೀರು ಕುಡಿಯೂದು ನೀನಾ? ಸಾಹುಕಾರ್ರು ಬೈಲಿ. ಇಡೀ ಮೀನು ಪೇಟೆ ನಗಾಡ್ಲಿ, ದುರ್ಗಿಯ ಐಸು ಕುದುರೆ ವಂಶಕ್ಕೇ ಹಿಡೀತು ಅಂತ. ಚಂಪಾಗೆ ಹುಲ್ಲು ಹಾಕೂಕೆ ನೀನು ಅಲ್ಲಿ ಇರ್ಬೇಕು, ಅಷ್ಟೇ.

ಆ ಕಟ್ಟು ಮತ್ತೆ ಕಿಸೆಗೆ ಯಾಕೆ ಹಾಕ್ತಿ? ಕೊಡು ಇತ್ಲಾಗೆ.

ಅದು ನಂದು.