ಒಡೆಸ್ಸಾ ತಿಕ್ಕಿದ ಕೊಳ

ಅಲಬಾಮಾದ ಆ ಸಣ್ಣ ಊರಿನ ಚರ್ಚಿನ ಅಡುಗೆಮನೆಯಲ್ಲಿ, ಹಾಡಿನ ಅಭ್ಯಾಸ ಮುಗಿಸಿದ ಕರಿಯ ಹೆಂಗಸರು ಸಂಜೆಮಳೆಗೆ ಸಿಕ್ಕಿಕೊಂಡು ಕೂತಿದ್ದರು. ಒಲೆಯ ಮೇಲೆ ಕಡಲೆಕಾಯಿ ಬೇಯುತ್ತಿತ್ತು. ಯಾರೋ ನೆಲ ಒರೆಸಲೆಂದು ಬ್ಲೀಚಿನ ಬಾಟಲಿಯ ಮುಚ್ಚಳ ತೆಗೆದಿದ್ದೇ ತಡ, ಮುದುಕಿ ಐಡೆಲ್ಲಾ ಮೂಗಿಗೆ ಸೆರಗಿನಂತೆ ಶಾಲು ಒತ್ತಿಕೊಂಡಳು.

"ಮುಚ್ಚೇ ಅದನ್ನ! ಆ ವಾಸ್ನೆ ಈಗ್ಲೂ ಸೇರಲ್ಲ ನಂಗೆ... ನಮ್ಮ ಚಿಕ್ಕಮ್ಮ ಒಡೆಸ್ಸಾಗೆ ಏನಾಯ್ತು ಅಂತ ನಿಮಗ್ಯಾರಿಗೂ ಗೊತ್ತಿಲ್ವಾ? ಹಾಗಾದ್ರೆ ಕೇಳ್ರೇ.

"ಆಗ ಬಿಳಿಯರ ಈಜುಕೊಳದೊಳಗೆ ನಮ್ಮೋರು ಕಾಲಿಡೋ ಹಾಗಿರ್ಲಿಲ್ಲ, ಒಡೆಸ್ಸಾ ಮಾತ್ರ ಹಿಂದಿನ ಬಾಗಿಲಿಂದ ಹೋಗಿ ಅವರ ಟವೆಲ್ಲು ಒಗೀತಿದ್ಲು, ಅವರ ಮಕ್ಕಳ ಉಚ್ಚೆ ತೊಳೀತಿದ್ಲು, ಅದಕ್ಕೆ ಮಾತ್ರ ಈ ಕೈ ಮೈಲಿಗೆ ಅಲ್ಲ, ನೋಡಿ! ಅವಳ ಮಗಳು ಕೊರೀನ್... ಅಬ್ಬಾ, ಬೆಂಕಿ. ನಮ್ಮೋರ ಹಕ್ಕಿನ ಮೆರವಣಿಗೆ, ಅವರ ಮೇಲೆ ಬಿಟ್ಟ ಪೊಲೀಸ್ ನಾಯಿ ಅಂತ ಊರು ಹೊತ್ತಿ ಉರೀತಿದ್ದ ಆ ಬೇಸಿಗೇಲಿ, ಒಂದು ಮಟಮಟ ಮಧ್ಯಾಹ್ನ, ಚರ್ಚಿಗೆ ಹಾಕ್ಕೊಂಡಿದ್ದ ಹಳದಿ ಫ್ರಾಕಲ್ಲೇ ಬೇಲಿ ಹಾರಿ ಧುಮುಕೇ ಬಿಟ್ಲು ಆ ನೀರಿಗೆ! ಹಾವು ಬಿದ್ದ ಹಾಗೆ ತಾಯಂದಿರು ಮಕ್ಕಳನ್ನ ಎಳ್ಕೊಂಡು ಓಡಿದ್ರು. ಒಬ್ಬಳು ದಡದಲ್ಲೇ ವಾಂತಿ ಮಾಡ್ಕೊಂಡ್ಳಂತೆ. ನಮ್ಮ ಮೈಯಿಂದ ಬಣ್ಣ ಬಿಡುತ್ತೇನ್ರೇ? ಥೂ!

"ಹುಡುಗೀನ ಜೈಲಿಗೆ ತಳ್ಳಿದ್ರು. ಕೊಳದ ಮೇಲ್ವಿಚಾರಕ, ಟ್ರೆಡವೇ ಅನ್ನೋನು, ನೀರೆಲ್ಲಾ ಬಸಿದು ಒಡೆಸ್ಸಾನ ಕರೆಸಿದ. 'ನಿನ್ನ ಮಗಳ ಹೊಲಸು, ನೀನೇ ತಿಕ್ಕು. ಅವಳ ವಾಸನೆ ಹೋದ್ಮೇಲೆ ಬಿಡಿಸ್ತೀನಿ' ಅಂದ.

"'ಹೋಯ್ತು ಅಂತ ಯಾರು ಹೇಳ್ಬೇಕು ಧಣಿ?'

"'ನಾನು.'

"ತಾಯಿ ಕಣ್ರೇ... ಇನ್ನೇನು ಮಾಡ್ತಾಳೆ? ಕಾದ ಬಾಣಲೆ ಹಾಗಿದ್ದ ಆ ಗುಂಡಿಗಿಳಿದು, ಅವನು ಕೊಟ್ಟ ಬ್ಲೀಚು, ಆಸಿಡ್ಡು ಎರಡೂ ಸುರಿದು, ಮಂಡಿಯೂರಿ ತಿಕ್ಕಿದ್ಲು, ತಿಕ್ಕಿದ್ಲು. ಅವನು ದಡದ ಮೇಲೆ ಮೂಗು ಮುಚ್ಕೊಂಡು 'ಇನ್ನೂ ನಾರುತ್ತೆ' ಅಂತಾನೇ ಇದ್ದ. ಆ ಎರಡೂ ಬೆರೆತು ಎದ್ದ ವಿಷದ ಹೊಗೆ ಅವಳ ಎದೆ ಸುಟ್ಟಿತು. ಹತ್ತೋಕೆ ಆಗ್ದೆ ಕೈ ಚಾಚಿದ್ಲು... ಆ ಕೈ ಹಿಡಿಯೋಕೆ ಅವನಿಗೆ ಹೇಸಿಗೆ! ನಿಂತು ನೋಡ್ದ.

"ಕೊರೀನ್‌ನ ಬಿಟ್ರು, ತಾಯಿಗೆ ಮಣ್ಣು ಹಾಕೋಕೆ.

"ನಾಚಿಕೆಗೆಟ್ಟೋರು, ಅವಳು ಸತ್ತ ಜಾಗಕ್ಕೇ ನೀರು ತುಂಬಿಸಿ ನಗ್ತಾ ಇಳಿದ್ರು. ಇಳಿದ ಹಾಗೇ ಎದ್ದು ಓಡಿದ್ರು. ತಳದಿಂದ ಪರಕ್... ಪರಕ್... ತಿಕ್ಕೋ ಸದ್ದು! 'ಎಲ್ಲ ಭ್ರಮೆ' ಅಂತ ಟ್ರೆಡವೇನೇ ಮುಳುಗಿ ನೋಡ್ದ. ಮೇಲೆ ಬಂದಾಗ ಅವನ ಅಂಗೈ ಚರ್ಮ ಬೇಯಿಸಿದ ಕೋಳಿ ತೊಗಲಿನ ಹಾಗೆ ಬಿಳಿಚಿಕೊಂಡು ಜೋತಾಡ್ತಿತ್ತು. ಅದರ ನಂಜಿಗೇ ಸತ್ತ. 'ಸಾಕು' ಅನ್ನೋ ಒಂದು ಮಾತು ಅವನ ಬಾಯಿಂದ ಬರ್ಲೇ ಇಲ್ಲ. ಆಮೇಲೆ ಕೋರ್ಟು 'ಎಲ್ಲರನ್ನೂ ಈಜೋಕೆ ಬಿಡಿ' ಅಂದಾಗ, ನಮ್ಮ ಜೊತೆ ಈಜೋದಕ್ಕಿಂತ ವಾಸಿ ಅಂತ ಕೊಳಕ್ಕೇ ಮಣ್ಣು ತುಂಬಿದ್ರು. ಕೊರೀನ್ ಆ ಮಣ್ಣಲ್ಲಿ ಬೆಳೆದ ಹುಲ್ಲಿನ ಮೇಲೆ ಬೋರಲು ಬಿದ್ದು 'ಸಾಕು ಬಾರಮ್ಮ' ಅಂತ ಕೂಗಿ ಕೂಗಿ ಗಂಟಲು ಹರ್ಕೊಂಡ್ಳು. ಅವನೇ ಹೇಳ್ಬೇಕಿತ್ತಲ್ಲ, ಮಗಳ ಮಾತು ಎಲ್ಲಿ ನಡೆಯುತ್ತೆ ಹೇಳಿ..."

ಬಾಟಲಿ ಹಿಡಿದಿದ್ದವಳು ಅದನ್ನು ಮೆಲ್ಲಗೆ ಬಾಗಿಲಾಚೆ ಇಟ್ಟು ಬಂದಳು. ಐಡೆಲ್ಲಾ ದನಿ ತಗ್ಗಿಸಿದಳು.

"ಈಗ ಅದೇ ಮಣ್ಣು ತೋಡಿ ಹೊಸ ಕೊಳ ಕಟ್ತಿದ್ದಾರೆ, ಎಲ್ಲರಿಗೂ ಅಂತೆ. ಮೊನ್ನೆ ನಂಗೂ ತೋರಿಸಿದ್ರು. ತಳಕ್ಕೆ ನೀಲಿ ಟೈಲು, ನೀರಿನ್ನೂ ಬಿಟ್ಟಿಲ್ಲ. ನಡುವಲ್ಲಿ ಮಾತ್ರ ಒಂದಿಷ್ಟು ಜಾಗ ಬಣ್ಣ ಸವೆದು ಮೂಳೆ ಹಾಗೆ ಬೆಳ್ಳಗಿದೆ. 'ದಿನಾ ಹೊಸ ಟೈಲು ಕೂರಿಸ್ತೀನಜ್ಜಿ, ಬೆಳಗಾದ್ರೆ ಹೀಗೇ' ಅಂದ ಕೆಲಸದೋನು. ಬಗ್ಗಿ ಮುಟ್ಟಿ ನೋಡ್ದೆ ಕಣ್ರೇ... ಆಗಷ್ಟೇ ತಿಕ್ಕಿದ ಹಾಗೆ, ಬೆಚ್ಚಗಿತ್ತು."