ಗಾಡಿ ಒಳಗಿಂದ ಬಂದ ಮಗ್ಗಿ

ದೀಪ ಸಣ್ಣ ಮಾಡ್ರೇ, ಜೋರಾಗಿ ಹೇಳೋ ಮಾತಲ್ಲ ಇದು. ನಮ್ಮ ರಾಜಾಜಿನಗರದಲ್ಲೇ, ಎದುರುಮನೆ ಕಮಲಾಕ್ಷಮ್ಮಂಗೆ ಆಗಿದ್ದು. ಐವತ್ತೈದನೇ ಇಸವಿ ಈ ಮಾಗೀಲೇ.

ಊರು ಸುತ್ತಿ ಮನೆಗೆ ವಾಪಸ್ಸಾಗ್ತಾ ರಾಮೋಹಳ್ಳಿ ದೊಡ್ಡಾಲದ ಮರದ ಹತ್ರ ಬರೋ ಅಷ್ಟ್ರಲ್ಲಿ ಕತ್ತಲಾಗಿತ್ತು. ಗಂಡ ಚನ್ನವೀರಪ್ಪ ಕಮಾನುಗಾಡಿ ಹೊಡೀತಾ ಇದ್ದ. ಕಮಲಾಕ್ಷಮ್ಮ ಹತ್ತಲಿಲ್ಲ. ಸಿಟ್ಟು! ಹಿಂದೆ ನಡ್ಕೊಂಡೇ ಬರ್ತಿದ್ಲು. ಮಗಳು ನೀಲಗಂಗೆಯೂ ಮೆಲ್ಲಗೆ ಜಾರಿ ಇಳಿದು ಅವ್ವನ ಕೈ ಹಿಡ್ಕೊಂಡ್ಲು. ಅಪ್ಪಂಗೆ ಗೊತ್ತೇ ಇಲ್ಲ.

ಸಿಟ್ಟು ಬರದೆ ಇನ್ನೇನ್ರೀ? ಹುಡುಗಿ ಮೈನೆರೆದ್ಲು ಅಂತ ಲೋಯರ್ ಸೆಕೆಂಡರಿಗೆ ಕೂರೋ ವರ್ಷದಲ್ಲೇ ಶಾಲೆ ಬಿಡಿಸ್ಬಿಟ್ಟ ಆ ಮಹಾನುಭಾವ. "ನಾನೇ ಕಲಿಸ್ತೀನಿ. ಊರು ನೋಡಿಸ್ತಾ, ಗಿಡಮರ ತೋರಿಸ್ತಾ. ಗಾಡೀನೇ ಶಾಲೆ" ಅಂದ. ಸಾವನದುರ್ಗ ತೋರಿಸಿ "ಇದು ಬೆಟ್ಟ" ಅಂದ. ತಿಪ್ಪಗೊಂಡನಹಳ್ಳಿ ಕಟ್ಟೆ ತೋರಿಸಿ "ಇದು ನೀರು" ಅಂದ. ಥೂ, ಇಷ್ಟು ಪಾಠ ನಮ್ಮನೆ ಎಮ್ಮೇಗೂ ಬರುತ್ತೆ!

ಸಂಜೆ ದೀಪ ಹಚ್ಚಿದ್ಮೇಲೆ ಬಾಯಿಪಾಠ ಒಪ್ಪಿಸ್ಬೇಕಲ್ಲ ಮಕ್ಕಳು? ಗಾಡೀಲಿ ಲಾಟೀನು ಮೊದಲೇ ಹಚ್ಚಿಟ್ಟಿದ್ದ. ಹಿಂದಕ್ಕೆ ತಿರುಗದೇನೇ ಅಲ್ಲೇ ಶುರು ಮಾಡ್ದ, ಆ ಮರದ ಕೆಳಗೇ.

"ಹದಿಮೂರೊಂಬತ್ಲ?"

ಗಾಲಿ ಕಿರ್ರ್... ಅಂತು. ಕೊರಳಗೆಜ್ಜೆ ಘಲ್... ಘಲ್...

"ಬರಲ್ವಾ ಕತ್ತೆ? ಶ್ರಾವಣಕ್ಕೆ ಮದುವೆ ಮಾಡಿ ಕೈ ತೊಳ್ಕೋತೀನಿ ನೋಡು!"

"ನೂರಾ ಹದಿನೇಳು."

ಸಣ್ಣ ದನಿ. ಗಾಡಿ ಒಳಗಿಂದ...

ಕಮಲಾಕ್ಷಮ್ಮನ ಕೈಯಲ್ಲಿದ್ದ ಮಗಳ ಕೈ ತಣ್ಣಗಾಯ್ತು.

"ಅವ್ವಾ... ನಾನಲ್ಲ."

"ಶ್... ಸುಮ್ನಿರು."

"ಹಾಂ, ಈಗ ಜಾಣೆ" ಅಂದ ಅಪ್ಪ.

ಒಳಗಿಂದ ಇನ್ನೊಂದು ಮಾತು ಬಂತು. "ಅಪ್ಪಾ... ಹತ್ತೊಂಬತ್ತೇಳ್ಲ ಎಷ್ಟು?"

ಅವನಿಗೆ ಬಂದ್ರಲ್ವಾ! ಅಕ್ಕಿ ಅಂಗಡೀಲಿ ಕೂತು ಬೆರಳು ಮಡಿಸೋನು. ಕೋಪದಲ್ಲಿ ತಿರುಗಿದ. ಲಾಟೀನು... ಹುಲ್ಲು... ಯಾರೂ ಇಲ್ಲ. ಎತ್ತು ನಿಂತ್ವು. ಗೆಜ್ಜೆ ಸದ್ದೂ ನಿಂತು ಹೋಯ್ತು. ಬಿಳಲು ಮಾತ್ರ ಚರ್... ಚರ್... ಅಂತ ಕಮಾನಿಗೆ ಉಜ್ತಾ ಇತ್ತು. ಗಾಳಿ ಇಲ್ಲ ಮತ್ತೆ!

"ಎಷ್ಟಪ್ಪಾ?"

ಕಮಲಾಕ್ಷಮ್ಮ ಮುಂದಕ್ಕೆ ಬಂದು, ಹಲ್ಲು ಕಚ್ಕೊಂಡು ಪಿಸುಗುಟ್ಟಿದ್ಲು. "ರೀ. ಮಗಳನ್ನ ಶಾಲೆಗೆ ಕಳಿಸ್ತೀನಿ ಅನ್ನಿ."

"ಈಗ್ಲಾ...?"

"ಈಗ್ಲೇ. ಇಲ್ದಿದ್ರೆ ನೀವಿಲ್ಲೇ ಕೂತು ಲೆಕ್ಕ ಕಲೀರಿ, ನಾವು ಹೋಗ್ತೀವಿ!"

"ಕ... ಕಳಿಸ್ತೀನಿ. ಶಿವನಾಣೆ."

ಒಳಗೆ ಯಾರೋ ಬಿಕ್ಕಿದ ಹಾಗಾಯ್ತು. "ನನ್ನನ್ನ...?"

ಇಂಥ ಜಾಗದಲ್ಲಿ ಬಾ ಅನ್ನಬಾರದು. ಹಸುಗೂಸಿಗೂ ಗೊತ್ತು. ಆದ್ರೆ ಅವಳು ಗಾಡಿ ಒಳಕ್ಕೆ ಬಗ್ಗಿ, "ನಿನ್ನನ್ನೂ ಶಾಲೆ ಬಿಡಿಸಿದ್ರೇನೇ ಪಾಪಿಗಳು? ಬಾ ತಾಯಿ. ನೀನೂ ಬಾ!" ಅಂದೇ ಬಿಟ್ಲು.

ಘಲ್... ಎತ್ತು ನಡೆದ್ವು.

ನೀಲಗಂಗೆ ಈಗ ಶಾಲೆಗೆ ಹೋಗ್ತಾಳೆ. ಬೆಂಚಿನ ಒಂದು ತುದೀಲಿ ಕೂರ್ತಾಳಂತೆ, ಪಕ್ಕದಲ್ಲಿ ಯಾರನ್ನೂ ಕೂರಿಸಲ್ಲ. ನಂಬ್ದಿದ್ರೆ ಬಿಡಿ, ನನಗೇನು. ಶಾಲೆ ಗುಡಿಸೋ ಅಕ್ಕಯ್ಯಮ್ಮ ನನ್ನ ಕೈ ಮುಟ್ಟಿ ಹೇಳಿದ್ದು ಇದು. ಮಕ್ಕಳೆಲ್ಲಾ ಮನೆಗೆ ಹೋದ್ಮೇಲೆ ಬೆಂಚು ಒರೆಸ್ತಾಳಲ್ಲ... ಆ ಖಾಲಿ ಜಾಗ ದಿನಾ ಬೆಚ್ಚಗಿರುತ್ತೆ.