ಬಡ್ತಿ ಬೇಡ

ಕಾಯಂ ವಾಸದ ಪರವಾನಗಿ ಕೊಡುವ ಕಚೇರಿಯಲ್ಲಿ ಟೋಕನ್ ಹಿಡಿದು ಕೂತು ಕೂತು ದರ್ಜಿಯ ಸೊಂಟ ಬಿದ್ದುಹೋಗಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಕನ್ನಡದಲ್ಲಿ ಜಗಳಕ್ಕೆ ನಿಂತರು. ಪರದೇಶದಲ್ಲಿ ಇಂಥ ಸುಖ ಅಪರೂಪವೆಂದು ಅವನು ತಿರುಗದೆಯೇ ಕಿವಿ ಕೊಟ್ಟ.

"ಏನಂದ್ರು ರೀ ಕಿಟಕಿಯವರು?"

"ಕಂಪನಿ ನನಗೆ ಅರ್ಜಿ ಹಾಕಿರೋದು ವೆಲ್ಡರ್ ಅಂತ. ಈಗ ನಾನು ಸೂಪರ್‌ವೈಸರ್. ಕೆಲಸ ಬೇರೆ ಆದ್ರೆ ಅರ್ಜಿನೂ ಬೇರೆಯಂತೆ. ಮೊದಲಿಂದ ಶುರು."

"ಆರು ವರ್ಷ ಕಾದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ! ಬಡ್ತಿ ಬಂತು ಅಂತ ಊರಿಗೆಲ್ಲ ಫೋನ್ ಮಾಡಿ ಮೆರೆದ್ರಿ."

"ಸ್ಪೀಕರ್ ಹಾಕಿದ್ದು ನೀನು."

"ಹೋಗಿ ಸಾಹೇಬ್ರ ಕಾಲು ಹಿಡೀರಿ. ಬಡ್ತಿ ಬೇಡ, ಹಳೇ ಕೆಲಸಾನೇ ಕೊಡಿ ಅನ್ನಿ."

"ಹೀಗಾಗಬಹುದು ಅಂತ ಅನುಮಾನ ಬಂದು ನಿನ್ನೆನೇ ಕೇಳ್ದೆ. ಆ ಜಾಗಕ್ಕೆ ಬೇರೆಯವನನ್ನ ಹಾಕಾಯ್ತಂತೆ. ಇನ್ನು ಅರ್ಜಿನೂ ಅವನ ಹೆಸರಲ್ಲೇ."

"ಯಾವನು ರೀ ಅವನು, ನಮ್ಮ ಅನ್ನಕ್ಕೆ ಕಲ್ಲು ಹಾಕಿದೋನು? ಅವನ ಮನೆ ಹಾಳಾಗ!"

ಗಂಡ ಫೈಲಿನ ದಾರ ಕಟ್ಟತೊಡಗಿದ.

"ಬೈಬೇಡ ಕಣೇ. ನಿನ್ನ ತಮ್ಮ. ಅವನನ್ನೂ ನಮ್ಮ ಕಾರ್ಖಾನೆಗೆ ಸೇರಿಸಿ ಅಂತ ವರ್ಷವಿಡೀ ಪ್ರಾಣ ತಿಂದವಳು ನೀನೇ."

ಬೆಂಚು ಕಿರುಗುಟ್ಟಿತು. ಹೆಂಡತಿ ಎದ್ದು, "ಬಿಡ್ತು, ಬಿಡ್ತು" ಎನ್ನುತ್ತಲೇ ಬಾಗಿಲು ದಾಟಿದಳು.